ಹಳೆ ಎಕ್ಸ್‌ಪಿ ವರ್ಚುವಲ್ ಮಷಿನ್ ಹೊಸ ಕಂಪ್ಯೂಟರಿಗೆ ಹಾಕಿದ್ರ ನೀಲಿ ಪರದೆ, ಪಂಚಾಂಗದ ಕೆಲಸ ನಿಂತೈತಿ

ಬೆಟಗೇರಿಪ್ರೆಸ್:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಗದಗ-ಬೆಟಗೇರಿಯೊಳಗ ಸಣ್ಣ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕೆ, ಜಾತ್ರಿ ಪೋಸ್ಟರ್, ಬಿಲ್‌ಬುಕ್, ಮತ್ತ ವರ್ಷಕ್ಕೊಮ್ಮೆ ಒಂದು ಮಠದ ಪಂಚಾಂಗ. ಡಿಟಿಪಿ, ಅಂದ್ರ ಪುಟ ಜೋಡಿಸೋ ಕೆಲಸ, ಎಲ್ಲಾ ಪೇಜ್‌ಮೇಕರ್ 7ರೊಳಗ ಆಗ್ತೈತಿ. ಕನ್ನಡ ಟೈಪಿಂಗಿಗೆ ಡಾಂಗಲ್ (ಯುಎಸ್‌ಬಿಗೆ ಹಚ್ಚೋ ಲೈಸೆನ್ಸಿನ ಕೀಲಿ) ಹಾಕಿ ನಡಸೋ ಹಳೆ ಲಿಪಿ ತಂತ್ರಾಂಶ ಐತಿ. ಅದನ್ನ ಮಾರಿದವರು ಈಗ ಅಂಗಡಿನ ಮುಚ್ಯಾರ.

2012ರಾಗ ಮೂಲ ಕಂಪ್ಯೂಟರಿನ ಮದರ್‌ಬೋರ್ಡ್ ಹೋದಾಗ ನಮ್ಮ ಅಕ್ಕನ ಮಗ ವಿಂಡೋಸ್ 7 ಮಷಿನ್ನಿನ ಮ್ಯಾಲೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗ ಇನ್ನೊಂದು ಕಂಪ್ಯೂಟರ್ ನಡಸೋ ತಂತ್ರಾಂಶ) ಹಾಕಿ, ಅದರೊಳಗ ಹಳೆ ವಿಂಡೋಸ್ ಎಕ್ಸ್‌ಪಿ ಕೂಡಿಸಿ ಕೊಟ್ಟಿದ್ದ. ಇಷ್ಟು ವರ್ಷ ಏನೂ ತೊಂದ್ರಿ ಕೊಡಲಿಲ್ಲ. ಈಗ ಆ ಮಷಿನ್ನಿನ ಹಾರ್ಡ್‌ಡಿಸ್ಕ್ ಕಟಕಟ ಅನ್ನಾಕ ಹತ್ತೇತಿ. ಅದಕ್ಕ ಹೊಸ ವಿಂಡೋಸ್ 11 ಮಷಿನ್ ತಗೊಂಡೆ, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ.

ಆ ಎಕ್ಸ್‌ಪಿಯ ಡಿಸ್ಕ್ ಇರೋ ವಿಡಿಐ ಫೈಲ್ 11 ಜಿಬಿ ಐತಿ. ಮೊದಲ 32 ಜಿಬಿ ಪೆನ್‌ಡ್ರೈವಿಗೆ ಹಾಕಾಕ ಹೋದ್ರ ಫೈಲ್ ದೊಡ್ಡದಾತು ಅಂತ ಬಂತು. ಜಾಗ ಖಾಲಿನ ಇತ್ತು! ಕಡೀಕ ಬ್ಯಾರೆ ಹಾರ್ಡ್‌ಡಿಸ್ಕಿಗೆ ಹಾಕಿ ತಂದೆ. ಹೊಸ ಮಷಿನ್ನಿನಾಗ ವರ್ಚುವಲ್‌ಬಾಕ್ಸ್ 7 ಹಾಕಿ, ಹೊಸ ವರ್ಚುವಲ್ ಮಷಿನ್ ಮಾಡಿ ಆ ವಿಡಿಐ ಜೋಡಿಸಿದೆ. ವಿಂಡೋಸ್ ಲೋಗೋ ಬಂದು ನೀಲಿ ಪರದೆ. ಕೋಡ್ ಕೊನಿಗೆ 7ಬಿ ಅಂತ ಐತಿ. ಯುಗಾದಿಗಿಂತ ಮೊದಲ ಪಂಚಾಂಗ ಕೊಡಬೇಕ್ರಿ. ದಾರಿ ಹೇಳ್ರಿ.

ಸರ್ವರ್‌ಕೋಣೆ:
7ಬಿ ಅಂದರೆ ವಿಂಡೋಸ್‌ಗೆ ತಾನು ಬೂಟ್ ಆಗಬೇಕಾದ ಡಿಸ್ಕೇ ಕಾಣುತ್ತಿಲ್ಲ. ಒಂದು ಪ್ರಶ್ನೆ: ಹೊಸ ಮಷಿನ್ ಮಾಡುವಾಗ ಓಎಸ್ ಯಾವುದು ಅಂತ ಆರಿಸಿದಿರಿ?

ಬೆಟಗೇರಿಪ್ರೆಸ್:
ವಿಂಡೋಸ್ 7 ಅಂತ ಕೊಟ್ಟೆ ಸರ್. ಹಳೆ ಮಷಿನ್ ವಿಂಡೋಸ್ 7 ಇತ್ತಲ್ಲ ಅಂತ.

ಸರ್ವರ್‌ಕೋಣೆ:
ಅಲ್ಲೇ ಆಗಿದ್ದು. ಹೊರಗಿನ ಕಂಪ್ಯೂಟರಿನ ಓಎಸ್ ಅಲ್ಲ, ಒಳಗೆ ಇರೋ ಓಎಸ್ ಹೇಳಬೇಕು. ವಿಂಡೋಸ್ 7 ಅಂತ ಹೇಳಿದ್ದಕ್ಕೆ ಅದು ಡಿಸ್ಕನ್ನು ಸಾಟಾ ಕಂಟ್ರೋಲರ್‌ಗೆ (ಡಿಸ್ಕ್ ಜೋಡಿಸೋ ಹೊಸ ಬಗೆಯ ಕೊಂಡಿ) ಕಟ್ಟಿದೆ. ಎಕ್ಸ್‌ಪಿಯಲ್ಲಿ ಸಾಟಾದ ಎಎಚ್‌ಸಿಐ ಡ್ರೈವರ್ ಹುಟ್ಟಿನಿಂದ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ, ಸಾಟಾದಿಂದ ವಿಡಿಐ ಬಿಡಿಸಿ (ಅಳಿಸಬೇಡಿ, ಬಿಡಿಸಿ ಅಷ್ಟೆ), ಐಡಿಇ ಕಂಟ್ರೋಲರ್ (ಹಳೆ ಬಗೆಯ ಕೊಂಡಿ) ಸೇರಿಸಿ, ಪಿಐಐಎಕ್ಸ್4 ಆರಿಸಿ, ಅದಕ್ಕೆ ಜೋಡಿಸಿ. ಸೆಟ್ಟಿಂಗ್ಸ್‌ನಲ್ಲೇ ಇರೋ ಐಓ ಎಪಿಕ್ ಅನ್ನೋ ಆಯ್ಕೆ ಆನ್ ಇರಲಿ. ಆನ್ ಇದ್ದಾಗ ಇನ್‌ಸ್ಟಾಲ್ ಆದ ವಿಂಡೋಸ್‌ಗೆ ಆಮೇಲೆ ಅದನ್ನು ಆಫ್ ಮಾಡಿದರೆ ಬೂಟ್ ಆಗಲ್ಲ.

ಪೆನ್‌ಡ್ರೈವ್ ವಿಷಯ: ಅದು ಫ್ಯಾಟ್32 ಇದ್ದಿರುತ್ತೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರೆ ಹೋಗುತ್ತೆ.

ಪಡುವಣಗಾಳಿ:
ವಿಡಿಐ ಒಂದನ್ನೇ ತಂದದ್ದಾ? ಅದರ ಫೋಲ್ಡರ್ ಇಡೀ ತರಬೇಕಿತ್ತು ಮಾರಾಯ್ರೆ. ಡಾಟ್ ವಿಬಾಕ್ಸ್ ಅಂತ ಒಂದು ಸಣ್ಣ ಫೈಲ್ ಇರ್ತದೆ. ಆ ಮಷಿನ್ನಿನ ಜಾತಕ ಇರುವುದೇ ಅದರಲ್ಲಿ: ಯಾವ ಕಂಟ್ರೋಲರ್, ಎಷ್ಟು ರ‍್ಯಾಮ್, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ (ಅದರ ಗುರುತಿನ ಸಂಖ್ಯೆ), ಯುಎಸ್‌ಬಿ ಫಿಲ್ಟರ್ (ಯಾವ ಯುಎಸ್‌ಬಿ ಸಾಧನ ಒಳಗಿನ ಮಷಿನ್ನಿಗೆ ಹೋಗಬೇಕು ಎಂಬ ನಿಯಮ), ಎಲ್ಲಾ. ಅದನ್ನು ತಂದು ಆ್ಯಡ್ ಕೊಟ್ಟರೆ ಈ 7ಬಿ ಬರುವ ಪ್ರಶ್ನೆಯೇ ಇರಲಿಲ್ಲ.

ಬೆಟಗೇರಿಪ್ರೆಸ್:
ಸರ್ವರ್‌ಕೋಣೆ ಸರ್, ಐಡಿಇ ಮಾಡಿದೆ, ಎಕ್ಸ್‌ಪಿ ಬಂತ್ರಿ! ಆದ್ರ ಒಳಗ ನೋಡಿ ಕೈಕಾಲು ತಣ್ಣಗಾದುವು. 2016ರ ಮ್ಯಾಲಿನ ಒಂದು ಫೈಲೂ ಇಲ್ಲ. ಒಂಬತ್ತು ವರ್ಷದ ಪಂಚಾಂಗ, ಲಗ್ನಪತ್ರಿಕೆ, ಎಲ್ಲಾ ಹೋಗೇತಿ. ಡೆಸ್ಕ್‌ಟಾಪಿನ ಮ್ಯಾಲೆ ತೀರಿಹೋದ ನಮ್ಮ ಅಪ್ಪಾರು ಕೂಡಿಸಿಟ್ಟ ಒಂದು ಫೋಲ್ಡರ್ ಇತ್ತು, ಅದೂ ಕಾಣವಲ್ದು.

ಸರ್ವರ್‌ಕೋಣೆ:
ಗಾಬರಿ ಬೇಡ. ಏನೂ ಹೋಗಿಲ್ಲ. ಹಳೆ ಮಷಿನ್‌ನಲ್ಲಿರುವ ಮೂಲವನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿರುವ ವಿಡಿಐಯನ್ನು ಬೇರೆ ಯಾವುದಕ್ಕೂ ಜೋಡಿಸಿ ಬೂಟ್ ಮಾಡಬೇಡಿ. ಅಲ್ಲಿ ವರ್ಚುವಲ್ ಮಷಿನ್ ಫೋಲ್ಡರ್ ಒಳಗೆ ಸ್ನ್ಯಾಪ್‌ಶಾಟ್ಸ್ ಅಂತ ಇನ್ನೊಂದು ಫೋಲ್ಡರ್ ಇದೆಯಾ ನೋಡಿ.

ಬೆಟಗೇರಿಪ್ರೆಸ್:
ಐತ್ರಿ! ಅದರೊಳಗ ಉದ್ದ ನಂಬರಿನ ಹೆಸರಿಂದ ಒಂದು ವಿಡಿಐ, 7 ಜಿಬಿ. ತಾರೀಖು ನಿನ್ನಿದು. ಇನ್ನೊಂದು ಸಣ್ಣ ಫೈಲ್ ಡಾಟ್ ಎಸ್‌ಎವಿ ಅಂತ ಐತಿ.

ಸರ್ವರ್‌ಕೋಣೆ:
ಅಲ್ಲಿದೆ ನಿಮ್ಮ ಒಂಬತ್ತು ವರ್ಷ.

ನಿಮ್ಮ ಅಕ್ಕನ ಮಗ 2016ರಲ್ಲಿ ಸ್ನ್ಯಾಪ್‌ಶಾಟ್ ತೆಗೆದಿದ್ದಾನೆ, ಅಂದರೆ ಆ ಗಳಿಗೆಯ ಸ್ಥಿತಿಯನ್ನು ಹಿಡಿದಿಟ್ಟಿದ್ದಾನೆ. ತೆಗೆದ ಗಳಿಗೆಯಿಂದ ಮೂಲ ವಿಡಿಐ ಮುಚ್ಚಿಹೋಗುತ್ತೆ, ಅದಕ್ಕೆ ಒಂದಕ್ಷರವೂ ಬರೆಯಲ್ಲ. ನಿಮ್ಮ ಪ್ರೆಸ್ಸಿನ ಭಾಷೆಯಲ್ಲೇ ಹೇಳ್ತೀನಿ: ಪುಟದ ಮೇಲೆ ಬಟರ್ ಪೇಪರ್ ಇಟ್ಟು ತಿದ್ದುಪಡಿಯೆಲ್ಲ ಆ ಬಟರ್ ಪೇಪರ್ ಮೇಲೆ ಮಾಡಿದ ಹಾಗೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಮಾತ್ರ ಇವತ್ತಿನ ಪುಟ. ನೀವು ತಂದಿದ್ದು ಕೆಳಗಿನ ಹಾಳೆ ಮಾತ್ರ.

ಮೂಲವನ್ನು ಬೂಟ್ ಮಾಡಬೇಡಿ ಅಂದದ್ದು ಇದಕ್ಕೇ. ವಿಂಡೋಸ್ ಎದ್ದರೆ ಸಾಕು, ನೀವು ಏನೂ ಮಾಡದಿದ್ದರೂ ಡಿಸ್ಕಿಗೆ ಏನಾದರೂ ಬರೆಯುತ್ತೆ. ಕೆಳಗಿನ ಹಾಳೆ ಜರುಗಿದರೆ ಮೇಲಿನ ತಿದ್ದುಪಡಿ ಹೊಂದಲ್ಲ. ಈಗ ಹೊಸ ಮಷಿನ್‌ನಲ್ಲಿ ನೀವು ಬೂಟ್ ಮಾಡಿದ ಆ ಪ್ರತಿ ಕೆಟ್ಟಿದೆ ಅಂತಲೇ ಲೆಕ್ಕ, ಅದನ್ನು ಅಳಿಸಿ. ಪ್ರತಿಯ ಮೇಲೆ ಮಾಡಿದ್ದೇ ಪುಣ್ಯ.

ಲೆಕ್ಕಪತ್ರ:
ಓದಿ ಮೈ ಜುಂ ಅಂತು. ನಾನೂ ಹೀಗೇ ಒಂದು ಸಲ ಮೂಲವನ್ನೇ ಎತ್ತಿ ಬೂಟ್ ಮಾಡಿದ್ದೆ. ಮೂರು ವರ್ಷದ ಟ್ಯಾಲಿ ಲೆಕ್ಕ. ಕ್ಲೈಂಟ್‌ಗಳ ಹತ್ರ ಇದ್ದ ಪ್ರಿಂಟ್ ನೋಡಿಕೊಂಡು ಮತ್ತೆ ಎಂಟ್ರಿ ಮಾಡಿದೆವು, ಆಫೀಸಿನ ಹುಡುಗರು ರಾತ್ರಿ ಹತ್ತರವರೆಗೆ ಕೂತರು.

ಪಡುವಣಗಾಳಿ:
ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಅಂತ ತಿಳಿಯುವವರೇ ಜಾಸ್ತಿ. ಅದು ಬ್ಯಾಕಪ್ ಅಲ್ಲವೇ ಅಲ್ಲ. ಅದೇ ಡಿಸ್ಕ್, ಅದೇ ಫೋಲ್ಡರ್. ಅಪ್‌ಡೇಟ್ ಹಾಕುವ ಮುಂಚೆ ತೆಗೆದು, ಸರಿ ಉಂಟು ಅಂತ ಆದ ಮೇಲೆ ಡಿಲೀಟ್ ಕೊಟ್ಟು ಮೂಲಕ್ಕೆ ಸೇರಿಸಿಬಿಡಬೇಕು.

ಈಗ ದಾರಿ ಸುಲಭ. ಹಳೆ ಮಷಿನ್ನಿನಲ್ಲೇ ಕ್ಲೋನ್ ಕೊಡಿ: ಫುಲ್ ಕ್ಲೋನ್, ಕರೆಂಟ್ ಮಷಿನ್ ಸ್ಟೇಟ್. ಎರಡೂ ಸೇರಿ ಒಂದೇ ವಿಡಿಐ ಆಗಿ ಹೊರಗೆ ಬರ್ತದೆ. ಅದನ್ನು ತನ್ನಿ.

ಸರ್ವರ್‌ಕೋಣೆ:
ಇದನ್ನು ನಾನು ಒಪ್ಪಲ್ಲ. ಕಟಕಟ ಅನ್ನೋ ಡಿಸ್ಕ್ ಮೇಲೆ ಕ್ಲೋನ್ ಮಾಡಿಸೋದಾ? 18 ಜಿಬಿ ಓದಿ, ಅದೇ ಡಿಸ್ಕಿಗೆ ಮತ್ತೆ ಅಷ್ಟೇ ಬರೆಯಬೇಕು. ಸಾಯೋ ಡಿಸ್ಕಿಂದ ಒಂದೇ ಸಲ ಓದಬೇಕು, ಬರೆಯಲೇಬಾರದು.

ಪಡುವಣಗಾಳಿ:
ಹೊರಗಿನ ಡಿಸ್ಕಿಗೆ ಕ್ಲೋನ್ ಮಾಡಬಹುದಲ್ಲ, ಜಾಗ ಕೇಳ್ತದೆ.

ಸರ್ವರ್‌ಕೋಣೆ:
ಮಾಡಬಹುದು. ಆದರೂ ಮಧ್ಯದಲ್ಲಿ ಒಂದು ಸೆಕ್ಟರ್ ಓದಲಾಗದಿದ್ದರೆ ಕ್ಲೋನ್ ಪೂರ್ತಿ ನಿಂತುಹೋಗುತ್ತೆ. ಕೈಗೆ ಏನೂ ಸಿಗಲ್ಲ. ಫೋಲ್ಡರ್ ಹಾಗೇ ಕಾಪಿ ಮಾಡಿದರೆ ಬಂದಷ್ಟು ಫೈಲ್ ಆದರೂ ಬರುತ್ತೆ. ಕಾಪಿಯೂ ನಿಂತರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ. ಅದು ಕೆಟ್ಟ ಜಾಗ ಬಿಟ್ಟು ಮಿಕ್ಕಿದ್ದನ್ನು ಮೊದಲು ಎತ್ತುತ್ತೆ, ಆಮೇಲೆ ಕೆಟ್ಟದ್ದಕ್ಕೆ ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಕ್ಲೋನ್ ಕೆಲಸ ಹೊಸ ಎಸ್‌ಎಸ್‌ಡಿ ಮೇಲೆ ಬಂದ ಮೇಲೆ ಮಾಡೋಣ.

ಪಡುವಣಗಾಳಿ:
ಸರಿ, ಡಿಸ್ಕ್ ಆ ಸ್ಥಿತಿಯಲ್ಲಿ ಇದ್ದರೆ ನಿಮ್ಮದೇ ಸರಿ. ನನ್ನ ಕ್ಲೋನ್ ಸಲಹೆ ಗಟ್ಟಿ ಡಿಸ್ಕಿಗೆ.

ಲೆಕ್ಕಪತ್ರ:
ಆ ಡಾಟ್ ಎಸ್‌ಎವಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಸೇವ್ಡ್ ಸ್ಟೇಟ್ ಅಲ್ವಾ? ಅಂದರೆ ಎಕ್ಸ್‌ಪಿ ಶಟ್‌ಡೌನ್ ಆಗಿಲ್ಲ, ನಿದ್ದೆಯಲ್ಲಿದೆ.

ಬೆಟಗೇರಿಪ್ರೆಸ್:
ಹೌದ್ರಿ, ದಿನಾ ಸಂಜಿಕ ವಿಂಡೋದ ಮೂಲಿ ಒಳಗಿನ ಗುಣಾಕಾರ ಗುರ್ತು ಒತ್ತಿ ಸೇವ್ ದ ಮಷಿನ್ ಸ್ಟೇಟ್ ಕೊಟ್ಟು ಮನಿಗೆ ಹೋಗ್ತೀವಿ. ಮುಂಜಾನಿ ಪೇಜ್‌ಮೇಕರ್ ಬಿಟ್ಟಲ್ಲೇ ಇರ್ತೈತಿ.

ಸರ್ವರ್‌ಕೋಣೆ:
ಲೆಕ್ಕಪತ್ರ ಅವರೇ, ಒಳ್ಳೆ ಕಣ್ಣು. ಆ ನಿದ್ದೆ ಹಳೆ ಸಿಪಿಯು, ಹಳೆ ವರ್ಚುವಲ್‌ಬಾಕ್ಸ್ ನೆನಪಿನೊಂದಿಗೆ ಇರುತ್ತೆ. ಹೊಸದರಲ್ಲಿ ಎಬ್ಬಿಸೋಕೆ ಹೋದರೆ ಏಳಲ್ಲ. ಬೆಟಗೇರಿಯವರೇ, ಹೀಗೆ ಮಾಡಿ.

ಮೊದಲು, ಈಗಿನ ಸ್ಥಿತಿಯಲ್ಲೇ ಇಡೀ ಫೋಲ್ಡರ್ ಹೊರಗಿನ ಡಿಸ್ಕಿಗೆ ಕಾಪಿ. ಇದು ನಿಮ್ಮ ಜೀವವಿಮೆ. ಆಮೇಲೆ ಹಳೆ ಮಷಿನ್‌ನಲ್ಲೇ ಎಕ್ಸ್‌ಪಿ ಎಬ್ಬಿಸಿ, ಪೇಜ್‌ಮೇಕರ್ ಫೈಲ್ ಸೇವ್ ಮಾಡಿ ಮುಚ್ಚಿ, ಸ್ಟಾರ್ಟ್‌ನಿಂದ ಪೂರ್ತಿ ಶಟ್‌ಡೌನ್. ಆಗ ಇನ್ನೊಮ್ಮೆ ಫೋಲ್ಡರ್ ಕಾಪಿ, ಬೇರೆ ಹೆಸರಲ್ಲಿ. ಎರಡು ಕಡೆಯೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್‌ನಿಂದ ಎಸ್‌ಎಚ್‌ಎ256 ಹ್ಯಾಶ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ತೆಗೆದು ತಾಳೆ ನೋಡಿ. ಒಂದಕ್ಷರ ಬೇರೆ ಇದ್ದರೂ ಕಾಪಿ ಸರಿ ಬಂದಿಲ್ಲ.

ಎರಡನೇ ಪ್ರತಿಯನ್ನು ಹೊಸ ಮಷಿನ್‌ಗೆ ಹಾಕಿ, ಮಷಿನ್ ಮೆನುವಿನಲ್ಲಿ ಆ್ಯಡ್ ಕೊಟ್ಟು ಡಾಟ್ ವಿಬಾಕ್ಸ್ ಫೈಲ್ ತೋರಿಸಿ. ಹೊಸ ಮಷಿನ್ ಮಾಡಬೇಡಿ. ಡಿಸ್ಕ್ ಇದೇ ಯುಯುಐಡಿಯಲ್ಲಿ (ಡಿಸ್ಕಿನ ಗುರುತಿನ ಸಂಖ್ಯೆ) ಆಗಲೇ ಇದೆ ಅಂತ ತಕರಾರು ಬಂದರೆ ಮೊದಲು ಮಾಡಿದ ಆ ಪ್ರತಿ ಇನ್ನೂ ಮೀಡಿಯಾ ಪಟ್ಟಿಯಲ್ಲಿ ಇದೆ ಅಂತ ಅರ್ಥ, ಅಲ್ಲಿಂದ ತೆಗೆಯಿರಿ.

ಮತ್ತೆ, ವರ್ಚುವಲ್‌ಬಾಕ್ಸ್ 7 ತೆರೆದ ಮೇಲೆ ಸೆಟ್ಟಿಂಗ್ಸ್ ಫೈಲನ್ನು ಹೊಸ ರೂಪಕ್ಕೆ ಬದಲಾಯಿಸುತ್ತೆ. ಆ ಪ್ರತಿಯನ್ನು ಹಳೆ ಕಂಪ್ಯೂಟರಿಗೆ ವಾಪಸ್ ಒಯ್ಯಬೇಡಿ.

ಗೊಂಬೆಮನೆ:
ಇಷ್ಟು ಸರ್ಕಸ್ ಯಾಕೆ? ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಅಪ್ಲಯನ್ಸ್ ಕೊಟ್ರೆ ಒಂದೇ ಓವಿಎ ಫೈಲ್ ಬರತ್ತೆ. ನಾನು ಯಾವಾಗ್ಲೂ ಹಾಗೇ ಮಾಡೋದು.

ಪಡುವಣಗಾಳಿ:
ಬರ್ತದೆ, ಸ್ನ್ಯಾಪ್‌ಶಾಟ್ ಇತಿಹಾಸ ಬಿಟ್ಟು ಈಗಿನ ಸ್ಥಿತಿ ಮಾತ್ರ. ಇವರಿಗೆ ಅದು ಸಾಕು. ಆದರೆ ಇಂಪೋರ್ಟ್ ಮಾಡುವಾಗ ಮ್ಯಾಕ್ ವಿಳಾಸ ಹೊಸತು ಮಾಡುವುದೋ ಹಳತು ಇಡುವುದೋ ಅಂತ ಕೇಳ್ತದೆ. ನೋಡದೆ ನೆಕ್ಸ್ಟ್ ಒತ್ತಿದರೆ ಕಾರ್ಡ್ ಬದಲಾದಂತೆ ಆಗಲೂಬಹುದು. ಎಕ್ಸ್‌ಪಿ ಹಾರ್ಡ್‌ವೇರ್ ಲೆಕ್ಕ ಹಾಕಿ ಮೂರು ದಿನದಲ್ಲಿ ಮತ್ತೆ ಆ್ಯಕ್ಟಿವೇಟ್ ಮಾಡು ಅಂತ ಕೂತರೆ? ವರ್ಚುವಲ್‌ಬಾಕ್ಸಿನಂಥದೇ ಇನ್ನೊಂದಾದ ವಿಎಂವೇರ್‌ನಲ್ಲಿಯೂ ಅಷ್ಟೇ, ಮೊದಲ ಸಲ ಎಬ್ಬಿಸುವಾಗ ಕಾಪಿ ಮಾಡಿದಿರಾ, ಮೂವ್ ಮಾಡಿದಿರಾ ಅಂತ ಕೇಳ್ತದೆ. ಮೂವ್ ಅನ್ನಬೇಕು, ಆಗ ಹಳೆ ಗುರುತು ಉಳೀತದೆ.

ಲೆಕ್ಕಪತ್ರ:
ಹೊಸ ಮಷಿನ್ ಇಂಟೆಲ್ಲೋ ಎಎಂಡಿನೋ? ನಮ್ಮಲ್ಲಿ ಇಂಟೆಲ್‌ನಿಂದ ಎಎಂಡಿಯ ರೈಜನ್‌ಗೆ ಒಯ್ದಾಗ ಬೇರೆ ನೀಲಿ ಪರದೆ ಬಂತು. ಎಕ್ಸ್‌ಪಿ ಒಳಗೆ ಇಂಟೆಲ್‌ಪಿಪಿಎಂ ಅಂತ ಪವರ್ ನೋಡೋ ಡ್ರೈವರ್ ಇದೆ, ಅದು ಎಎಂಡಿ ಮೇಲೆ ಎದ್ದು ಬಿದ್ದುಹೋಗುತ್ತೆ. ಎಕ್ಸ್‌ಪಿ ಸಿಡಿಯಿಂದ ರಿಕವರಿ ಕನ್ಸೋಲಿಗೆ ಹೋಗಿ ಡಿಸೇಬಲ್ ಅಂತ ಬರೆದು ಅದರ ಹೆಸರು ಕೊಟ್ಟೆ, ಸರಿಯಾಯ್ತು. ಒಯ್ಯೋ ಮುಂಚೆ ರಿಜಿಸ್ಟ್ರಿಯಲ್ಲಿ ಅದರ ಸ್ಟಾರ್ಟ್ ಬೆಲೆ 4 ಮಾಡಿದ್ದರೆ ಆ ಕಷ್ಟವೂ ಇರುತ್ತಿರಲಿಲ್ಲ.

ಬೆಟಗೇರಿಪ್ರೆಸ್:
ಇಂಟೆಲ್ಲೇ ಐತ್ರಿ. ಕಾಪಿ ಹಚ್ಚೀನಿ, ಡಿಸ್ಕ್ ಭಾಳ ನಿಧಾನ. ಮುಂಜಾನಿ ಹೇಳ್ತೇನಿ.

ಒತ್ತಕ್ಷರ:
ಕಾಪಿ ಆಗೋವರೆಗೆ ಒಂದು ಮಾತು ಕೇಳ್ಲಾ? ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಂತಿದೆ. ಡಾಂಗಲ್ ಮಾರಿದವರು ಇಲ್ಲ. ಆ ಡಾಂಗಲ್ ಒಂದು ದಿನ ಕೈಕೊಟ್ಟರೆ ಅಷ್ಟೂ ಪಂಚಾಂಗ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಯಾಕೆಂದರೆ ಆ ಫೈಲಲ್ಲಿ ಕನ್ನಡವೇ ಇಲ್ಲ. ಕನ್ನಡದ ಹಾಗೆ ಕಾಣೋ ಚಿತ್ರ ಇರೋ ಫಾಂಟ್ ಇದೆ ಅಷ್ಟೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ, ಹುಡುಕಿದರೆ ಸಿಗುತ್ತೆ, ಫಾಂಟ್ ಬದಲಾದರೂ ಓದಬಹುದು. ಮಷಿನ್ ಎದ್ದು ನಿಂತ ತಕ್ಷಣ ಪಠ್ಯವನ್ನೆಲ್ಲ ಹೊರಗೆ ತೆಗೆದು ಯುನಿಕೋಡ್ ಮಾಡಿ.

ಗೊಂಬೆಮನೆ:
ಪರಿವರ್ತಕ ಹಾಕಿದ್ರೆ ತಪ್ಪುಗಳ ಜಾತ್ರೆ. ನಾನು ಒಂದು ಸ್ಮರಣ ಸಂಚಿಕೆಗೆ ಮಾಡಿ ನೋಡಿದೀನಿ. ಕರಡು ತಿದ್ದೋದಕ್ಕಿಂತ ಹೊಸದಾಗಿ ಟೈಪ್ ಮಾಡೋದೇ ವಾಸಿ ಅನಿಸ್ತು.

ಒತ್ತಕ್ಷರ:
ತಪ್ಪು ಎಲ್ಲಿ ಬರುತ್ತೆ ಗೊತ್ತಿದ್ದರೆ ಅಷ್ಟು ಕಷ್ಟ ಇಲ್ಲ. ಮುಖ್ಯವಾಗಿ ಅರ್ಕಾವೊತ್ತು. ‘ಸೂರ್ಯ’ ಬರೆಯೋವಾಗ ಹಳೆ ಫಾಂಟಲ್ಲಿ ಯ ಮೊದಲು, ಅರ್ಕಾವೊತ್ತಿನ ಚಿಹ್ನೆ ಆಮೇಲೆ. ಯುನಿಕೋಡ್‌ನಲ್ಲಿ ಬಾಯಲ್ಲಿ ಹೇಳೋ ಕ್ರಮದಲ್ಲೇ ರ, ಅರ್ಧಾಕ್ಷರ ಮಾಡೋ ವಿರಾಮ ಚಿಹ್ನೆ (್), ಯ. ಪರಿವರ್ತಕ ಅದನ್ನು ಹಿಂದುಮುಂದು ಮಾಡಬೇಕು. ಪಂಚಾಂಗದಲ್ಲಿ ಸೂರ್ಯೋದಯ, ಕಾರ್ತಿಕ, ಮಾರ್ಗಶಿರ, ಪೂರ್ವಾಷಾಢ ಹೆಜ್ಜೆಗೊಂದು. ಆದ್ದರಿಂದ ನೀವು ಪರೀಕ್ಷೆ ಮಾಡಲಿಕ್ಕೆ ಪಂಚಾಂಗದಷ್ಟು ಒಳ್ಳೆ ಪುಟ ಇನ್ನೊಂದಿಲ್ಲ. ಒಂದೊಂದು ಕಂಪನಿಯ ಫಾಂಟಿಗೂ ಒಂದೊಂದು ಕೋಷ್ಟಕ, ಸರಿಯಾದ್ದನ್ನು ಆರಿಸಬೇಕು.

ಅಂಕಿಗಳನ್ನೂ ನೋಡಿ. ನುಡಿ ತಂತ್ರಾಂಶದಲ್ಲಿ ಹೆಸರಿನ ಕೊನೆಗೆ ಇ ಇರೋ ಫಾಂಟಲ್ಲಿ 1 2 3 ಕಾಣುತ್ತೆ, ಕೆ ಇರೋದರಲ್ಲಿ ೧ ೨ ೩. ಒಳಗಿನ ಸಂಕೇತ ಒಂದೇ. ಬದಲಾಯಿಸಿದಾಗ ಘಳಿಗೆ ವಿಘಳಿಗೆ ಕೋಷ್ಟಕ ಕನ್ನಡ ಅಂಕಿಯಿಂದ ಇಂಗ್ಲಿಷ್ ಅಂಕಿಗೆ ಹೋಗಿರುತ್ತೆ.

ಗೊಂಬೆಮನೆ:
ಅಕ್ಕ, ಪೇಜ್‌ಮೇಕರ್‌ಗೆ ಯುನಿಕೋಡ್ ಬರಲ್ಲ. ಪುಟವಿನ್ಯಾಸ ಎಲ್ಲಿ ಮಾಡೋದು?

ಒತ್ತಕ್ಷರ:
ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿದರೆ ಒತ್ತಕ್ಷರ ಸರಿ ಕೂರುತ್ತೆ. ಆರಿಸದಿದ್ದರೆ ಚೆಲ್ಲಾಪಿಲ್ಲಿ. ದುಡ್ಡು ಬೇಡ ಅಂದ್ರೆ ಸ್ಕ್ರೈಬಸ್ ಇದೆ. ಈ ವರ್ಷದ್ದು ಹಳೇದರಲ್ಲೇ ಮುಗಿಸಲಿ, ಯುಗಾದಿ ತಲೆ ಮೇಲಿದೆ. ನಾನು ಹೇಳಿದ್ದು ಆಮೇಲಿನ ಮಾತು.

ಮೂಡಬಿದಿರೆ_ಮ್ಯೂನಿಕ್:
ನಡುವೆ ಒಂದು ಪ್ರಶ್ನೆ. ನನ್ನ ಹತ್ರ ಎಂ1 ಚಿಪ್ಪಿನ ಆ್ಯಪಲ್ ಮ್ಯಾಕ್ ಕಂಪ್ಯೂಟರ್. ಅಪ್ಪನ ಹಳೆ ಎಕ್ಸ್‌ಪಿ ವಿಡಿಐ ಇದೆ. ಇದರಲ್ಲಿ ಓಡ್ತದಾ?

ಪಡುವಣಗಾಳಿ:
ವರ್ಚುವಲ್‌ಬಾಕ್ಸಲ್ಲಿ ಇಲ್ಲ, ಎಂ1ರ ಪ್ರೊಸೆಸರ್ ಆರ್ಮ್ ಜಾತಿದು, ಎಕ್ಸ್‌ಪಿ ಎಕ್ಸ್86. ಯುಟಿಎಂ ಅಂತ ಒಂದು ತಂತ್ರಾಂಶ ಉಂಟು, ಅದನ್ನು ಹಾಕಿ, ಅದರೊಳಗಿನ ಕ್ಯೂಈಎಂಯು ಎಕ್ಸ್86 ಅನ್ನು ಪೂರ್ತಿ ಅನುಕರಣೆ ಮಾಡ್ತದೆ. ನಿಧಾನ, ಆದರೆ ಎಕ್ಸ್‌ಪಿಯಂಥ ಹಗುರದ್ದು ಎದ್ದು ನಿಲ್ತದೆ. ಕ್ಯೂಈಎಂಯು-ಇಮೇಜ್‌ನಿಂದ ವಿಡಿಐಯನ್ನು ಅದರದೇ ಡಿಸ್ಕ್ ರೂಪವಾದ ಕ್ಯೂಕೌ2 ಮಾಡಿಕೊಳ್ಳಿ, ಡಿಸ್ಕ್ ಐಡಿಇ ಅಂತಲೇ ಇಡಿ. ವರ್ಟ್‌ಐಓ ಇಟ್ಟರೆ ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಇಲ್ಲದೆ ಅದೇ 7ಬಿ.

ಬೆಟಗೇರಿಪ್ರೆಸ್:
ಬಂತ್ರಿ!! ನಾಲ್ಕೂ ಹ್ಯಾಶ್ ತಾಳೆ ಆದುವು. ಆ್ಯಡ್ ಕೊಟ್ಟೆ, ಎಕ್ಸ್‌ಪಿ ಎದ್ದಿತು, ಆ್ಯಕ್ಟಿವೇಶನ್ ಕೇಳಲಿಲ್ಲ, ಅಪ್ಪಾರ ಫೋಲ್ಡರ್ ಐತಿ. ಕಣ್ಣೀರು ಬಂದುವ್ರಿ.

ಇನ್ನ ಎರಡು ತೊಂದ್ರಿ. ಡಾಂಗಲ್ ಹಚ್ಚಿದ್ರ ಎಕ್ಸ್‌ಪಿ ನೋಡವಲ್ದು. ಮತ್ತ ಪುಟ ಸರಿಸಿದ್ರ ಹಳೆ ಮಷಿನ್‌ಗಿಂತ ನಿಧಾನ. ಕೆಳಗ ಮೂಲಿ ಒಳಗ ಹಸಿರು ಆಮಿ ಚಿತ್ರ ಬರ್ತೈತಿ.

ಸರ್ವರ್‌ಕೋಣೆ:
ಆಮೆ ಅಂದರೆ ವರ್ಚುವಲ್‌ಬಾಕ್ಸ್ ನೇರವಾಗಿ ಪ್ರೊಸೆಸರ್ ಮೇಲೆ ಕೂತಿಲ್ಲ, ವಿಂಡೋಸ್‌ನದೇ ವರ್ಚುವಲ್ ಮಷಿನ್ ವ್ಯವಸ್ಥೆಯಾದ ಹೈಪರ್-ವಿ ಮೇಲೆ ಕೂತಿದೆ. ವಿಂಡೋಸ್ ಫೀಚರ್ಸ್‌ನಲ್ಲಿ ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್ ಟಿಕ್ ತೆಗೆಯಿರಿ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೋಲೇಶನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ರೀಸ್ಟಾರ್ಟ್.

ಲೆಕ್ಕಪತ್ರ:
ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿಸೋದು ಸರಿಯಲ್ಲ ಸರ್. ಅದೇ ಮಷಿನ್‌ನಲ್ಲಿ ಅವರು ಬ್ಯಾಂಕಿನ ಕೆಲಸ, ಜಿಎಸ್‌ಟಿ ಎಲ್ಲಾ ಮಾಡ್ತಾರೆ. ಕೆಟ್ಟ ಡ್ರೈವರ್ ಕರ್ನಲ್‌ಗೆ, ಅಂದರೆ ವಿಂಡೋಸ್‌ನ ತಿರುಳಿಗೆ, ನುಗ್ಗದ ಹಾಗೆ ಕಾಯೋದು ಅದು.

ಸರ್ವರ್‌ಕೋಣೆ:
ಒಪ್ಪಿದೆ. ಹಾಗಾದರೆ ಮೊದಲು ಫೀಚರ್ಸ್ ಎರಡನ್ನು ಮಾತ್ರ ತೆಗೆದು ನೋಡಿ. ಆಮೆ ಹೋಗದಿದ್ದರೂ ಕೆಲಸ ಸಾಗುವಷ್ಟು ವೇಗ ಇದ್ದರೆ ಇಂಟೆಗ್ರಿಟಿ ಹಾಗೇ ಬಿಡಿ.

ಡಾಂಗಲ್‌ಗೆ ಯುಎಸ್‌ಬಿ ಸೆಟ್ಟಿಂಗ್ಸ್‌ನಲ್ಲಿ 2.0 ಆರಿಸಿ, ಅಂದರೆ ಇಎಚ್‌ಸಿಐ. 3.0 ಇಟ್ಟರೆ ಎಕ್ಸ್‌ಪಿಗೆ ಅದರ ಡ್ರೈವರ್ ಇಲ್ಲ. ಹೊರಗೆ ಹಚ್ಚೋ ಪೋರ್ಟ್ ನೀಲಿದಾದರೂ ಅಡ್ಡಿಯಿಲ್ಲ. ಡಾಂಗಲ್ ಹಚ್ಚಿರುವಾಗಲೇ ಅದಕ್ಕೊಂದು ಫಿಲ್ಟರ್ ಸೇರಿಸಿ. ವರ್ಚುವಲ್‌ಬಾಕ್ಸ್ 7ರಿಂದ ಇದಕ್ಕೆ ಎಕ್ಸ್‌ಟೆನ್ಶನ್ ಪ್ಯಾಕ್ (ಬೇರೆಯಾಗಿ ಹಾಕೋ ಹೆಚ್ಚುವರಿ ಭಾಗ) ಬೇಕಿಲ್ಲ, ಮೂಲದಲ್ಲೇ ಇದೆ. ಪ್ರೆಸ್ ವ್ಯಾಪಾರಿ ಸಂಸ್ಥೆ, ಆ ಪ್ಯಾಕ್‌ನ ಪುಕ್ಕಟೆ ಲೈಸೆನ್ಸ್ ಸ್ವಂತ ಬಳಕೆಗೆ, ಕಲಿಕೆಗೆ. ಆದ್ದರಿಂದ ಹಾಕಲೇಬೇಡಿ.

ಪಡುವಣಗಾಳಿ:
ನೆಟ್‌ವರ್ಕ್ ಕೇಬಲ್ ಟಿಕ್ ತೆಗೆದುಬಿಡಿ. ಎಕ್ಸ್‌ಪಿ ಇಂಟರ್ನೆಟ್ ನೋಡಲೇಬಾರದು. ಫೈಲ್ ದಾಟಿಸಲಿಕ್ಕೆ ಶೇರ್ಡ್ ಫೋಲ್ಡರ್ ಸಾಕು. ಎಕ್ಸ್‌ಪಿಗಾಗಿ ಹೊರಗಿನ ವಿಂಡೋಸ್ 11ರಲ್ಲಿ ಎಸ್‌ಎಂಬಿ1 (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಹಳೆ ವಿಧಾನ) ಎಬ್ಬಿಸಲಿಕ್ಕೆ ಹೋಗಬೇಡಿ, 2017ರ ಮೇ ತಿಂಗಳಲ್ಲಿ ಫೈಲ್ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಹರಡಿದ್ದು ಅದೇ ಬಾಗಿಲಿಂದ.

ಬೆಟಗೇರಿಪ್ರೆಸ್:
ಫೀಚರ್ಸ್ ತೆಗೆದ ಮ್ಯಾಲೆ ಆಮಿ ಹೋತು. ಇಂಟೆಗ್ರಿಟಿ ಮೊದಲ ಆಫ್ ಇತ್ತಂತ, ಲೆಕ್ಕಪತ್ರ ಸರ್, ಪಂಚಾಂಗ ಮುಗಿದ ಮ್ಯಾಲೆ ಆನ್ ಮಾಡಿ ನೋಡ್ತೇನಿ. ಯುಎಸ್‌ಬಿ 2.0 ಮಾಡಿ ಫಿಲ್ಟರ್ ಹಾಕಿದೆ, ಡಾಂಗಲ್ಲಿನ ಕೆಂಪು ದೀಪ ಹತ್ತಿತು. ಹೋದ ವರ್ಷದ ಪಂಚಾಂಗ ತೆಗೆದು ಚೈತ್ರದ ಪುಟ ಬಟರ್ ಪೇಪರಿಗೆ ಪ್ರಿಂಟ್ ಕೊಟ್ಟೆ. ಒಂದು ಒತ್ತಕ್ಷರಾನೂ ತಪ್ಪಿಲ್ಲ. ಪ್ರಿಂಟ್ ಎಕ್ಸ್‌ಪಿಯಿಂದ ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಮಾಡಿ, ಶೇರ್ಡ್ ಫೋಲ್ಡರಿಗೆ ತಂದು, ಹೊರಗ ಗೋಸ್ಟ್‌ಸ್ಕ್ರಿಪ್ಟ್‌ಲೆ ಪಿಡಿಎಫ್ ಮಾಡಿ ಕೊಟ್ಟೇನಿ.

ಒತ್ತಕ್ಷರ ಅಕ್ಕಾರ, ನಿಮ್ಮ ಮಾತು ತಲ್ಯಾಗ ಐತಿ. ಅಪ್ಪಾರ ಫೋಲ್ಡರಿನಾಗ 1998ರಿಂದ ಹಿಡಿದು ಪಂಚಾಂಗ ಅದಾವ. ಅವನ್ನ ಮೊದಲ ತೆಗೀಬೇಕಂತೀನಿ. ಪಠ್ಯ ಹ್ಯಾಂಗ ಹೊರಗ ತರೋದು?

ಒತ್ತಕ್ಷರ:
ಪೇಜ್‌ಮೇಕರ್‌ನಲ್ಲಿ ಒಂದು ಪಠ್ಯದ ಚೌಕಟ್ಟಿನಲ್ಲಿ ಕರ್ಸರ್ ಇಟ್ಟು ಎಕ್ಸ್‌ಪೋರ್ಟ್, ಆರ್‌ಟಿಎಫ್. ಬರೀ ಟೆಕ್ಸ್ಟ್ ಕೊಟ್ಟರೆ ಯಾವ ಸಾಲಿಗೆ ಯಾವ ಫಾಂಟ್ ಅನ್ನೋದು ಹೋಗಿಬಿಡುತ್ತೆ, ಸಂಸ್ಕೃತ ಶ್ಲೋಕ ಬೇರೆ ಫಾಂಟಲ್ಲಿದ್ದರೆ ಆಮೇಲೆ ಗೊತ್ತಾಗಲ್ಲ. ಜೊತೆಗೆ ಪ್ರತಿ ವರ್ಷದ್ದೂ ಒಂದು ಪಿಡಿಎಫ್ ಇಟ್ಟುಕೊಳ್ಳಿ, ಫಾಂಟ್ ಒಳಗೆ ಸೇರಿಸಿ. ಮೂಲ ಹೇಗಿತ್ತು ಅಂತ ತಾಳೆ ನೋಡೋಕೆ ಅದೇ ಸಾಕ್ಷಿ. ಒಂದು ವರ್ಷದ್ದು ಕಳಿಸಿ, ನಾನು ಪರಿವರ್ತಿಸಿ ಅರ್ಕಾವೊತ್ತು ತಿದ್ದಿಕೊಡ್ತೀನಿ.

ಬೆಟಗೇರಿಪ್ರೆಸ್:
1998ರದ್ದ ಕಳಸ್ತೇನಿ ಅಕ್ಕಾರ. ಅದು ಅಪ್ಪಾರು ಅಚ್ಚಿನ ಮೊಳೆ ಜೋಡಣಿ ಬಿಟ್ಟು ಕಂಪ್ಯೂಟರಿನ್ಯಾಗ ಮಾಡಿದ ಮೊದಲನೇದು.

ಸರ್ವರ್‌ಕೋಣೆ:
ಬೆಟಗೇರಿಯವರೇ, ಹೊಸದರಲ್ಲಿ ಈಗ ಫುಲ್ ಕ್ಲೋನ್ ಮಾಡಿ ಎರಡು ಹಾಳೆ ಒಂದು ಮಾಡಿಕೊಳ್ಳಿ, ಮ್ಯಾಕ್ ವಿಳಾಸ ಹಾಗೇ ಇಡಿ. ಹೊರಗಿನ ಡಿಸ್ಕಲ್ಲಿರುವ ಆ ಎರಡು ಪ್ರತಿಗಳಲ್ಲಿ ಒಂದನ್ನು ಮನೆಗೆ ಒಯ್ದಿಡಿ, ಪ್ರೆಸ್ಸಿನಲ್ಲಿ ಬೇಡ.

ಬೆಟಗೇರಿಪ್ರೆಸ್:
ಒಯ್ದಿಟ್ಟೀನ್ರಿ. ಹಳೆ ಮಷಿನ್ ಇವತ್ತು ಸಂಜಿಕ ಬೂಟ್ ಆಗ್ಲಿಲ್ಲ.